ಬಾಗಿಲ ಪಕ್ಕದ ಜಾಗ

ತಾಂಪೆರೆ, 19 ಸೆಪ್ಟೆಂಬರ್ 1993

ತಮ್ಮ ಅರ್ವಿ,

ನೀನಿರುವ ಕಬ್ಬಿಣದಂಗಡಿಯನ್ನು ಮಾರುತ್ತಾರೆ, ಮೇ ತಿಂಗಳೊಳಗೆ ಅದರ ಮೇಲಿನ ಮಹಡಿ ಖಾಲಿ ಮಾಡಬೇಕು ಅಂತ ಬರೆದಿದ್ದೀಯ. ಓದಿ ನಾನು ಅಯ್ಯೋ ಅನ್ನಬೇಕಿತ್ತು. ಅನ್ನಲಿಲ್ಲ. ಸುಳ್ಳು ಯಾಕೆ, ಖುಷಿಯೇ ಆಯಿತು. ಜೀವನವೆಲ್ಲ ನೀನು ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸಿದೆ, ಹೆಂಡತಿ ಮಕ್ಕಳು ಅಂತ ಯಾರನ್ನೂ ಕಟ್ಟಿಕೊಳ್ಳಲಿಲ್ಲ. ನಿನ್ನನ್ನು ಆ ಉತ್ತರದ ಮೂಲೆಯಲ್ಲಿ ಹಿಡಿದಿಟ್ಟಿದ್ದು ಆ ಮಹಡಿಯ ಅಗ್ಗದ ಬಾಡಿಗೆ ಒಂದೇ. ಈಗ ಅದೂ ಹೋಯಿತಲ್ಲ, ಇಲ್ಲಿಗೆ ಬಂದುಬಿಡು. ನನ್ನ ಗಂಡ ರೈನೊ ಹೋಗಿ ಆರು ವರ್ಷವಾಯಿತು. ನೀನೊಬ್ಬ ಇದೇ ಊರಲ್ಲಿದ್ದರೆ ಭಾನುವಾರ ಕಾಫಿಗೆ ಕೂತು ಜಗಳವಾಡಲು ನನಗೂ ಒಂದು ಜೀವ ಸಿಕ್ಕಂತಾಗುತ್ತದೆ.

ಮನೆ ನಾನು ಹುಡುಕುತ್ತೇನೆ. ಪೇಪರಿನಲ್ಲಿ ಬಾಡಿಗೆ ಮನೆಗಳ ಜಾಹೀರಾತು ದಿನಾ ಬರುತ್ತದೆ, ನನಗೆ ಬೇರೆ ಕೆಲಸವೂ ಇಲ್ಲ. ಎಂಥ ಮನೆ ಬೇಕು ಅಂತ ಬರಿ. ಕ್ರಿಸ್‌ಮಸ್‌ಗೆ ಮೊದಲೇ ಬಂದರೆ ಒಳ್ಳೆಯದು. ಚಳಿಗಾಲದಲ್ಲಿ ಮನೆ ಸುಲಭವಾಗಿ ಸಿಗುತ್ತದೆ, ಅದಕ್ಕೆ ಹೇಳಿದೆ.

ಫೋನು ಮಾತ್ರ ಮಾಡಬೇಡ. ನಮ್ಮ ಮನೆತನದಲ್ಲಿ ಫೋನು ಬಂದಾಗಲೆಲ್ಲ ಯಾರೋ ಒಬ್ಬರು ಹೋಗಿರುತ್ತಾರೆ.

ಅಕ್ಕ ಸೈಮಿ


ಕೆಮಿಯಾರ್ವಿ, 2 ಅಕ್ಟೋಬರ್ 1993

ಅಕ್ಕಾ,

ಬರುತ್ತೇನೆ. ಇಷ್ಟು ಬರೆದು ನಿಲ್ಲಿಸಿಬಿಡಬೇಕು ಅಂದುಕೊಂಡೆ, ಆಮೇಲೆ ನೀನು ಇನ್ನೊಂದು ಕಾಗದ ಬರೆದು ಬೈಯುತ್ತೀಯ ಅಂತ ಮುಂದುವರಿಸಿದ್ದೇನೆ.

ಒಂದು ಕೋಣೆ ಸಾಕು. ಅಡುಗೆಮನೆ ಎಷ್ಟು ಚಿಕ್ಕದಿದ್ದರೂ ಸರಿ. ಕೆಳಗಿನ ಅಂತಸ್ತು ಸಿಗಲಿ, ಇಲ್ಲದಿದ್ದರೆ ಲಿಫ್ಟ್ ಇರಲಿ. ಮುಖ್ಯವಾದದ್ದು ಕಾರು ನಿಲ್ಲಿಸುವ ಜಾಗ. ಅದು ಬಾಗಿಲ ಹತ್ತಿರವೇ ಇರಬೇಕು. ಚಳಿಗೆ ಇಂಜಿನ್ನು ಹೆಪ್ಪುಗಟ್ಟದಂತೆ ತಂತಿ ಸಿಕ್ಕಿಸಲು ಕರೆಂಟಿನ ಕಂಬವೂ ಬೇಕು. ನಮ್ಮ ಮುದಿ ವೋಲ್ವೊ ನಿನಗೆ ಗೊತ್ತಲ್ಲ, ಬೆಚ್ಚಗಿಡದಿದ್ದರೆ ಮುನಿಸಿಕೊಳ್ಳುತ್ತದೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಈಗ ಟಪಾಲು ಡಬ್ಬಿಗೂ ಕಾರಿನಲ್ಲೇ ಹೋಗುತ್ತೇನೆ. ಸೋಮಾರಿತನ ಅಂದರೆ ಸೋಮಾರಿತನ. ಆಸ್ಪತ್ರೆಯ ನರ್ಸಮ್ಮ ರಕ್ತದಲ್ಲಿ ಸಕ್ಕರೆ ಜಾಸ್ತಿ ಅಂತ ಪಾಠ ಹೇಳುತ್ತಾಳೆ, ನಾನು ಜೇಬಿನಲ್ಲಿ ಏಲಕ್ಕಿ ಬನ್ನು ಇಟ್ಟುಕೊಂಡೇ ಹೂಂ ಅನ್ನುತ್ತೇನೆ. ಹಳೆಯ ಬೂಟುಗಳು ಬಿಗಿಯಾಗಿವೆ, ಇಡೀ ದಿನ ಉಣ್ಣೆಯ ಚಪ್ಪಲಿಯಲ್ಲೇ ಕಾಲ ಕಳೆಯುತ್ತಿದ್ದೇನೆ.

ಮನೆ ನೋಡಿದಾಗ ಜಾಗ ಬಾಗಿಲಿನಿಂದ ಎಷ್ಟು ದೂರ ಅಂತ ತಪ್ಪದೆ ಬರಿ.

ಅರ್ವಿ


ತಾಂಪೆರೆ, 17 ಅಕ್ಟೋಬರ್ 1993

ಅರ್ವಿ,

ಕಲೆವಾ ಬಡಾವಣೆಯಲ್ಲಿ ಒಂದು ಮನೆ ನೋಡಿ ಬಂದೆ. ನಿನ್ನ ಜಾಗದಲ್ಲಿ ನಾನಿದ್ದರೆ ಅವತ್ತೇ ಬೀಗದ ಕೈ ಈಸಿಕೊಳ್ಳುತ್ತಿದ್ದೆ. ಬಿಸಿಲು ಬೀಳುವ ಕೋಣೆ, ಲಿಫ್ಟ್ ಇದೆ, ಕೆಳಗೇ ಬೇಕರಿ. ಕಟ್ಟಡದ ಸೌನಾದಲ್ಲಿ ಬಿಸಿ ಹಬೆ ತೆಗೆದುಕೊಳ್ಳಲು ಗುರುವಾರದ ಸರದಿಯೂ ನಿನಗೆ ಸಿಗುತ್ತದೆ.

ಕಾರಿನ ಜಾಗ ಶಾಲೆಯ ಹಿಂದೆ. ದೂರ ಅನ್ನಬೇಡ, ಆಚೆ ಬೀದಿ ಅಷ್ಟೆ. ಇಲ್ಲಿಯ ಕಟ್ಟಡಗಳ ಪದ್ಧತಿ ನಿನಗೆ ಗೊತ್ತಿಲ್ಲ. ಬಾಗಿಲ ಪಕ್ಕದ ಜಾಗವೆಲ್ಲ ಹಳಬರದು. ಹೊಸಬರು ಕೊನೆಯಲ್ಲಿ ನಿಲ್ಲಿಸಬೇಕು, ಯಾರಾದರೂ ಮನೆ ಬಿಟ್ಟರೆ ಇಲ್ಲ ಕಣ್ಣು ಮುಚ್ಚಿದರೆ ಉಳಿದವರು ಒಂದೊಂದೇ ಜಾಗ ಮುಂದೆ ಬರುತ್ತಾರೆ. ಆ ಮನೆಯ ಮೇಲ್ವಿಚಾರಕ ನಗುತ್ತ ಹೇಳಿದ, "ಅಮ್ಮಾ, ನಮ್ಮಲ್ಲಿ ಬಾಗಿಲ ತನಕ ಬರೋದ್ರೊಳಗೆ ಕಾರು ಓಡ್ಸೋ ವಯಸ್ಸೇ ಮುಗ್ದಿರುತ್ತೆ."

ಅವತ್ತು ಲಿಫ್ಟ್ ರಿಪೇರಿಯಲ್ಲಿತ್ತು. ನಾನು ಹತ್ತುವಾಗ ನಡುವೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ವಯಸ್ಸು ಎಪ್ಪತ್ತಾಯಿತಲ್ಲ, ಕೂರುವುದು ತಪ್ಪೇನಲ್ಲ. ಬೇಗ ಉತ್ತರ ಬರಿ. ಮಂಗಳವಾರ ಬಿಟ್ಟು ಯಾವ ದಿನ ಬೇಕಾದರೂ ಹೋಗಿ ಒಪ್ಪಂದ ಮಾಡಿ ಬರುತ್ತೇನೆ, ಮಂಗಳವಾರ ನನಗೆ ಪೇಟೆಯಲ್ಲಿ ಕೆಲಸವಿರುತ್ತದೆ.

ಸೈಮಿ


ಕೆಮಿಯಾರ್ವಿ, 30 ಅಕ್ಟೋಬರ್ 1993

ಅಕ್ಕಾ,

ನಿನಗೆ ತೊಂದರೆ ಕೊಟ್ಟೆ, ಆದರೆ ಶಾಲೆಯ ಹಿಂದೆ ಅಂದರೆ ಆಗುವುದಿಲ್ಲ. ಕಾರು ಕಣ್ಣಿಗೆ ಕಾಣುವ ಹಾಗಿರಬೇಕು. ಶಾಲೆ ಹುಡುಗರು ಹಿಮದ ಉಂಡೆ ಎಸೆದು ಗಾಜು ಒಡೆದರೆ? ಬೇರೆ ನೋಡೋಣ. ಮೇ ತಿಂಗಳ ತನಕ ಸಮಯವಿದೆ, ನಿನಗ್ಯಾಕೆ ಇಷ್ಟು ಅವಸರ?

ರೈನೊ ಇದ್ದಾಗ ನಿಮ್ಮ ಕಟ್ಟಡದಲ್ಲಿ ಅವನಿಗೆ ಒಳ್ಳೆಯ ಜಾಗ ಇತ್ತಲ್ಲ. ಕಾರು ಮಾರಿದ ಮೇಲೆ ಅದು ಯಾರ ಪಾಲಾಯಿತು?

ಅದಿರಲಿ, ಈ ಮಂಗಳವಾರದ ಕೆಲಸ ಏನು? ನಿನ್ನ ಕಾಗದವನ್ನು ಎರಡು ಸಲ ಓದಿದೆ. ಪೇಟೆಯಲ್ಲಿ ಕೆಲಸ ಅಂತ ನೀನು ಯಾವತ್ತೂ ಬರೆದವಳಲ್ಲ. ಯಾರೋ ಇದ್ದಾರೆ. ಇದ್ದರೆ ಇರಲಿ, ತಮ್ಮನಾಗಿ ನಾನು ಅಡ್ಡ ಬರುವುದಿಲ್ಲ.

ಅರ್ವಿ


ತಾಂಪೆರೆ, 14 ನವೆಂಬರ್ 1993

ಅರ್ವಿ,

ಹೌದು ಕಣೋ, ಒಬ್ಬರಿದ್ದಾರೆ. ಮಂಗಳವಾರ ಮಂಗಳವಾರ ಕಾಣುತ್ತೇನೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಬಿಳಿ ಅಂಗಿ, ಕೈ ಮಾತ್ರ ತಣ್ಣಗೆ. ನನ್ನದೇ ಫೋಟೊಗಳನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡುತ್ತಾರೆ. ಸಾಕಾ? ತೃಪ್ತಿ ಆಯಿತಾ?

ರೈನೊನ ಜಾಗದ ಮಾತು ಬೇಡ. ಅದು ಮುಗಿದ ವಿಷಯ.

ಹೆರ್ವಂತಾ ಬಡಾವಣೆಯಲ್ಲಿ ಇನ್ನೊಂದು ಮನೆ ಸಿಕ್ಕಿದೆ. ಈ ಸಲ ಕಾರಿನ ಜಾಗ ಕಟ್ಟಡದ ಕೆಳಗೇ, ನೆಲಮಾಳಿಗೆಯಲ್ಲಿ. ಬೆಚ್ಚಗಿರುತ್ತದೆ, ನಿನ್ನ ವೋಲ್ವೊ ನಿನಗಿಂತ ಸುಖವಾಗಿರುತ್ತದೆ. ಅಲ್ಲಿಂದ ಮೇಲೆ ಬರಲು ಒಂದಷ್ಟು ಮೆಟ್ಟಿಲಿವೆ, ಆಮೇಲೆ ಲಿಫ್ಟ್. ಇದಕ್ಕೂ ಬೇಡ ಅನ್ನಲು ಏನು ಹುಡುಕುತ್ತೀಯೋ ನೋಡೋಣ.

ನನ್ನ ಶುಕ್ರವಾರದ ಸೌನಾ ಸರದಿಯನ್ನು ಎದುರುಮನೆಯವರಿಗೆ ಬಿಟ್ಟುಕೊಟ್ಟೆ. ಈಚೆಗೆ ಆ ಬಿಸಿ ಒಗ್ಗುವುದಿಲ್ಲ. ಕಾಫಿಯೂ ಅಷ್ಟಕ್ಕಷ್ಟೇ.

ಸೈಮಿ


ಕೆಮಿಯಾರ್ವಿ, 27 ನವೆಂಬರ್ 1993

ಅಕ್ಕಾ,

ಸೌನಾ ಬಿಟ್ಟಳು, ಕಾಫಿ ಬಿಟ್ಟಳು! ಪ್ರೀತಿ ಮಾಡಿದರೆ ಹಸಿವು ಹೋಗುತ್ತದೆ ಅಂತ ಕೇಳಿದ್ದೆ, ನಿನ್ನ ವಯಸ್ಸಿನಲ್ಲಿ ಇದು ಅತಿಯಾಯಿತು. ಆ ಫೋಟೊ ನೋಡುವ ಮನುಷ್ಯನ ಮೇಲೆ ನನಗೆ ಅನುಮಾನವಿದೆ. ನಾನು ಬಂದ ಮೇಲೆ ಒಂದು ಸಲ ಕರೆಸು, ಲಾರಿ ಡ್ರೈವರ್ ಕೈ ಕುಲುಕಿದರೆ ಗೊತ್ತಾಗುತ್ತದೆ ಎಂಥವನು ಅಂತ.

ನೆಲಮಾಳಿಗೆ ಬೇಡ. ಕತ್ತಲೆ, ತೇವ, ಕಾರಿಗೆ ತುಕ್ಕು ಹಿಡಿಯುತ್ತದೆ. ಆ ಮೆಟ್ಟಿಲುಗಳೂ ಬೇಡ, ಸಾಮಾನು ಹೊತ್ತು ಹತ್ತುವುದು ಯಾರು? ಕೋಪ ಮಾಡಿಕೊಳ್ಳಬೇಡ. ಜಾಗ ಅಂದರೆ ಬಾಗಿಲು ತೆರೆದು ಕಾಲಿಟ್ಟರೆ ಮನೆ, ಅಷ್ಟು ಹತ್ತಿರ. ಅಂಥದ್ದು ಒಂದಾದರೂ ಇರುತ್ತದೆ.

ಇಲ್ಲಿ ಹಿಮ ಬಿದ್ದು ಎರಡು ವಾರವಾಯಿತು. ಅಂಗಡಿಯ ಮುಂದಿನ ಹಿಮವನ್ನು ಈ ವರ್ಷ ಮಾಲೀಕನೇ ಎತ್ತಿಸುತ್ತಿದ್ದಾನೆ, ನಾನು ಕಿಟಕಿಯಲ್ಲಿ ಕೂತು ತಪ್ಪು ಹುಡುಕುತ್ತೇನೆ.

ಅರ್ವಿ


ತಾಂಪೆರೆ, 8 ಡಿಸೆಂಬರ್ 1993

ಅರ್ವಿ,

ಮೊನ್ನೆ ಆರನೆಯ ತಾರೀಕು, ನಮ್ಮ ದೇಶದ ಸ್ವಾತಂತ್ರ್ಯ ದಿನ, ಎಲ್ಲರ ಹಾಗೆ ಕಿಟಕಿಯಲ್ಲಿ ಎರಡು ಮೋಂಬತ್ತಿ ಹಚ್ಚಿಟ್ಟು ನಿನ್ನ ಕಾಗದಗಳನ್ನೆಲ್ಲ ಒಟ್ಟಿಗೆ ಓದಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಿದೆ ನಿನ್ನ ಕಥೆ. ಆದರೂ ಮತ್ತೆ ಹುಡುಕಿದೆ.

ಪಿಸ್ಪಾಲಾ ಗುಡ್ಡದ ಮೇಲೆ ಒಂದು ಮರದ ಮನೆಯ ಅರ್ಧ ಭಾಗ ಬಾಡಿಗೆಗಿದೆ. ಮನೆಯೊಡತಿ ಒಬ್ಬ ವಿಧವೆ, ಒಳ್ಳೆಯ ಹೆಂಗಸು. ಕಾರಿನ ಜಾಗ ಗೇಟಿಗೆ ಅಂಟಿಕೊಂಡೇ ಇದೆ, ಕರೆಂಟಿನ ಕಂಬವೂ ಇದೆ, ಅದಕ್ಕೆ ಸರದಿ ಗಿರದಿ ಏನೂ ಇಲ್ಲ. ಕಿಟಕಿಯಿಂದ ಕೆರೆ ಕಾಣುತ್ತದೆ. ಮನೆ ಮಾತ್ರ ರಸ್ತೆಯಿಂದ ಕೆಳಗಿದೆ, ಮರದ ಮೆಟ್ಟಿಲಿಳಿದು ಹೋಗಬೇಕು. ನಾನು ಹಿಡಿಗಂಬಿ ಹಿಡಿದುಕೊಂಡು ಇಳಿದೆ. ಹತ್ತುವಾಗ ಆ ಹೆಂಗಸು ಹಿಂದಿನಿಂದ ಕೈ ಕೊಟ್ಟಳು, ಆಮೇಲೆ ಟ್ಯಾಕ್ಸಿಯನ್ನೂ ಕರೆಸಿದಳು.

ಇದನ್ನು ಒಪ್ಪಿಕೋ. ಕ್ರಿಸ್‌ಮಸ್‌ಗೆ ಬಾ. ನಾನು ಸುಮ್ಮನೆ ಹೇಳುತ್ತಿಲ್ಲ. ಇಷ್ಟು ದಿನ ನಾನು ಯಾರನ್ನೂ ಬಾ ಅಂತ ಕೇಳಿದವಳಲ್ಲ, ಈಗ ಕೇಳುತ್ತಿದ್ದೇನೆ.

ಸೈಮಿ


ಕೆಮಿಯಾರ್ವಿ, 15 ಡಿಸೆಂಬರ್ 1993

ಅಕ್ಕಾ,

ಮೆಟ್ಟಿಲಿದ್ದರೆ ಬೇಡ. ಕ್ಷಮಿಸು.

ಅರ್ವಿ


ತಾಂಪೆರೆ, 20 ಡಿಸೆಂಬರ್ 1993

ಅರ್ವಿ,

ನಾನು ಮನೆ ಹುಡುಕಿದ್ದು ನಿನಗೋ ನಿನ್ನ ಕಾರಿಗೋ? ದೂರವಾದರೆ ಬೇಡ, ಕೆಳಗಾದರೆ ಬೇಡ, ಮೇಲಾದರೆ ಬೇಡ. ಬರಲು ಇಷ್ಟವಿಲ್ಲ ಅಂತ ನೇರವಾಗಿ ಹೇಳಿದ್ದರೆ ನಾನು ಈ ಚಳಿಯಲ್ಲಿ ಕಂಡವರ ಮೆಟ್ಟಿಲು ಹತ್ತಿ ಇಳಿಯುತ್ತಿರಲಿಲ್ಲ. ಅಮ್ಮ ತೀರಿಕೊಂಡಾಗಲೂ ನೀನು ರಸ್ತೆ ಕೆಟ್ಟಿದೆ ಅಂದೆ. ನಿನಗೆ ಯಾವಾಗಲೂ ರಸ್ತೆಯದೇ ನೆಪ.

ಇನ್ನು ನಾನು ಹುಡುಕುವುದಿಲ್ಲ. ಹಬ್ಬದ ಶುಭಾಶಯ.

ಸೈಮಿ


ಕೆಮಿಯಾರ್ವಿ, 30 ಜನವರಿ 1994

ಅಕ್ಕಾ,

ನಿನ್ನ ಕಾಗದ ಹಬ್ಬದ ಹಿಂದಿನ ದಿನ ಬಂತು. ಉತ್ತರ ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲವೂ ಒಲೆಗೆ ಹಾಕಿದೆ. ಆಮೇಲೆ ರೊವಾನಿಯೆಮಿಯಲ್ಲಿ ಸ್ವಲ್ಪ ಕೆಲಸವಿತ್ತು, ಹೋದವನು ಅಲ್ಲೇ ಮೂರು ವಾರ ಉಳಿಯಬೇಕಾಯಿತು. ಊಟ ಚೆನ್ನಾಗಿತ್ತು. ಅಕ್ಕಪಕ್ಕದವರೆಲ್ಲ ರಾತ್ರಿ ಗೊರಕೆ ಹೊಡೆಯುತ್ತಿದ್ದರು.

ಬರಲು ಇಷ್ಟವಿಲ್ಲ ಅನ್ನಬೇಡ. ಅದೊಂದು ಮಾತು ಬಿಟ್ಟು ಏನು ಬೇಕಾದರೂ ಅನ್ನು. ನಾನು ಇಲ್ಲಿ ಸಾಮಾನು ಕಟ್ಟಿಟ್ಟು ಎಷ್ಟೋ ದಿನವಾಯಿತು. ಕಾಫಿ ಕುಡಿಯಲು ಒಂದು ಲೋಟ ಮಾತ್ರ ಹೊರಗಿದೆ. ನನಗೆ ಬೇಕಾದ ಜಾಗ ಸಿಗುತ್ತಿಲ್ಲ, ಇಷ್ಟೇ ವಿಷಯ. ಯಾಕೆ ಬೇಕು ಅಂತ ಹೇಳಿದರೆ ನೀನು ಹೆದರುತ್ತೀಯ, ಇಲ್ಲ ನಗುತ್ತೀಯ. ಎರಡೂ ಬೇಡ.

ಇನ್ನೊಂದೇ ಒಂದು ಸಲ ನೋಡು ಅಕ್ಕಾ. ಆ ಮಂಗಳವಾರದವನನ್ನೂ ಜೊತೆಗೆ ಕರೆದುಕೊಂಡು ಹೋಗು, ಚಳಿಯಲ್ಲಿ ನಿನ್ನ ಕೈ ಹಿಡಿದುಕೊಳ್ಳಲಿ.

ಅರ್ವಿ


ತಾಂಪೆರೆ, 20 ಫೆಬ್ರವರಿ 1994

ತಮ್ಮ ಅರ್ವಿ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ದಿಂಬಿಗೆ ಒರಗಿಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಶೀತ.

ಮನೆ ಸಿಕ್ಕಿತು. ನೀನು ಕೇಳಿದ್ದೆಲ್ಲ ಇರುವ ಮನೆ. ನಮ್ಮ ಕಟ್ಟಡದಲ್ಲೇ, ಎರಡನೆಯ ಅಂತಸ್ತು, ಲಿಫ್ಟ್ ಇದೆ. ಎರಡು ಕೋಣೆ, ಬೆಳಗಿನ ಬಿಸಿಲು ಅಡುಗೆಮನೆಗೆ ಬರುತ್ತದೆ. ಕಾರಿನ ಜಾಗ ಬಾಗಿಲಿಗೆ ಅಂಟಿಕೊಂಡಿದೆ, ಇಡೀ ಕಟ್ಟಡದಲ್ಲಿ ಅದಕ್ಕಿಂತ ಹತ್ತಿರದ ಜಾಗ ಇನ್ನೊಂದಿಲ್ಲ. ಕರೆಂಟಿನ ಕಂಬವಿದೆ. ಮೆಟ್ಟಿಲು ಒಂದೂ ಇಲ್ಲ. ಈಗ ಅಲ್ಲೊಂದು ಹಳೆಯ ಕಾರು ಸುಮ್ಮನೆ ನಿಂತಿದೆ, ಅದನ್ನು ಈ ವಾರ ಎಳೆದುಕೊಂಡು ಹೋಗುತ್ತಾರೆ.

ಅಲ್ಲಿರುವುದು ಒಬ್ಬಳೇ ಮುದುಕಿ. ವಸಂತಕ್ಕೆ ಖಾಲಿ ಮಾಡುತ್ತಾಳೆ. ನಿಖರವಾದ ದಿನ ಅವಳಿಗೂ ಗೊತ್ತಿಲ್ಲ. ಈ ಕಟ್ಟಡದವರ ಒಡಹುಟ್ಟಿದವರಿಗೆ ಮನೆಯನ್ನೂ ಜಾಗವನ್ನೂ ಸರದಿಯಿಲ್ಲದೆ ಕೊಡಲು ಮ್ಯಾನೇಜರ್ ಒಪ್ಪಿದ್ದಾರೆ, ನಾನೇ ಮಾತಾಡಿ ಮುಗಿಸಿದ್ದೇನೆ. ಪರದೆ, ಮೇಜು, ಪಾತ್ರೆ ಪಡಗ ಎಲ್ಲವನ್ನೂ ಅವಳು ಬಿಟ್ಟೇ ಹೋಗುತ್ತಾಳಂತೆ. ನಿನಗೆ ಇಷ್ಟವಾಗದಿದ್ದರೆ ಎಸೆಯಬಹುದು. ಆದರೆ ಕಾಫಿ ಪಾತ್ರೆ ಎಸೆಯಬೇಡ, ಒಳ್ಳೆಯದು.

ಈಗಲಾದರೂ ಹೂಂ ಅನ್ನು.

ಸೈಮಿ


ಕೆಮಿಯಾರ್ವಿ, 26 ಫೆಬ್ರವರಿ 1994

ಅಕ್ಕಾ!

ಹೂಂ, ಹೂಂ, ಹೂಂ. ಮೂರು ಸಲ ಅಂದಿದ್ದೇನೆ, ಸಾಕಾ? ನಿನ್ನ ಕಾಗದ ಓದಿ ಕೂತಲ್ಲೇ ನಗು ಬಂತು. ಬಾಗಿಲಿಗೆ ಅಂಟಿಕೊಂಡ ಜಾಗ! ಅದೂ ನಿನ್ನದೇ ಕಟ್ಟಡದಲ್ಲಿ! ಇಷ್ಟು ದಿನ ಬಗಲಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದೆಯಲ್ಲೇ.

ಆ ಮುದುಕಿಗೆ ಸ್ವಲ್ಪ ಅವಸರ ಮಾಡು. ವಸಂತ ಅಂದರೆ ಯಾವಾಗ? ಮಾರ್ಚ್ ಕೊನೆಗೆ ಜಾಗ ಖಾಲಿ ಮಾಡಿದರೆ ನನಗೆ ಅನುಕೂಲ. ವಯಸ್ಸಾದವರು ಹೀಗೇ, ಹೋಗುತ್ತೇನೆ ಹೋಗುತ್ತೇನೆ ಅಂತ ಹೇಳುತ್ತಾ ಇರುತ್ತಾರೆ, ಎದ್ದು ಹೋಗುವುದಿಲ್ಲ. ನೀನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ಬಾಗಿಲು ತಟ್ಟಿ ಕೇಳು, ಅಜ್ಜಿ ಇನ್ನೂ ಇದ್ದೀಯಾ ಅಂತ. ಬೇಸರಕ್ಕಾದರೂ ಹೊರಡುತ್ತಾಳೆ.

ಪರದೆ ಎಂಥದೋ ಏನೋ, ಹೂವಿನ ಚಿತ್ರ ಇದ್ದರೆ ಬದಲಾಯಿಸಬೇಕು. ಬಂದ ದಿನ ನಿನ್ನ ಮನೆಯಲ್ಲಿ ಸಾಲ್ಮನ್ ಮೀನಿನ ಸಾರು ಮಾಡು. ನಿನ್ನ ಮನೆ ಯಾವ ಅಂತಸ್ತು ಅಂತ ಮರೆತೇ ಹೋಗಿದೆ ನನಗೆ, ಎಷ್ಟು ವರ್ಷವಾಯಿತು.

ಅರ್ವಿ


ತಾಂಪೆರೆ, 4 ಮಾರ್ಚ್ 1994

ಅರ್ವಿ,

ನಿನ್ನ ಕಾಗದ ಓದಿ ಹೊಟ್ಟೆ ನೋಯುವಷ್ಟು ನಕ್ಕೆ. ಪಕ್ಕದ ಮಂಚದವಳಿಗೂ ಓದಿ ಹೇಳಿದೆ, ಅವಳೂ ನಕ್ಕಳು.

ಮುದುಕಿಗೆ ನಿನ್ನ ಮಾತು ಮುಟ್ಟಿಸಿದ್ದೇನೆ. ಆದಷ್ಟು ಬೇಗ ಮಾಡುತ್ತಾಳಂತೆ. ಪರದೆಯಲ್ಲಿ ಹೂವಿದೆ, ಏನು ಮಾಡಲಿ.

ದಾರಿಯಲ್ಲಿ ನಿಧಾನವಾಗಿ ಬಾ. ಜಿಂಕೆಗಳು ಅಡ್ಡ ಬರುತ್ತವೆ.

ಸೈಮಿ


ತಾಂಪೆರೆ, 17 ಮಾರ್ಚ್ 1994

ಅಕ್ಕಾ,

ನೀನು ಮಲಗಿದ್ದೀಯ. ನಿನ್ನ ಜೊತೆ ಮಾತಾಡುತ್ತಾ ಇರಬೇಕು, ನಿನಗೆ ಕೇಳಿಸುತ್ತಿರಬಹುದು ಅಂತ ನರ್ಸು ಹೇಳಿ ಹೋದಳು. ನನಗೆ ಮಾತಾಡಲು ಬರುವುದಿಲ್ಲ. ನೀನು ಎಚ್ಚರವಿದ್ದಿದ್ದರೂ ನಾವಿಬ್ಬರೂ ಕಾಫಿ ಸ್ಟ್ರಾಂಗ್ ಇದೆಯಾ ಇಲ್ಲವಾ ಅಂತಲೇ ಮಾತಾಡುತ್ತಿದ್ದೆವು. ಅದಕ್ಕೆ ಅವಳ ಹತ್ತಿರ ಕಾಗದ ಈಸಿಕೊಂಡು ಬರೆಯುತ್ತಿದ್ದೇನೆ. ಬರೆದು ಓದಿ ಹೇಳುತ್ತೇನೆ.

ಪಕ್ಕದ ಮಂಚದವಳು ಅಂತ ನೀನು ಬರೆದಿದ್ದೆ. ಓದಿದೆ, ಆದರೆ ತಲೆಗೆ ಹೋಗಲಿಲ್ಲ. ಮುದುಕಿ ಯಾವಾಗ ಹೋಗುತ್ತಾಳೆ ಅನ್ನುವುದೊಂದೇ ತಲೆಯಲ್ಲಿತ್ತು. ಹತ್ತು ದಿನ ಕಾದೆ. ಮೊನ್ನೆ ತಡೆಯಲಾರದೆ ಕೆಳಗಿನ ಅಂಗಡಿಯಿಂದ ನಿಮ್ಮ ಕಟ್ಟಡದ ಮೇಲ್ವಿಚಾರಕ ಹೊಂಕನೆನ್‌ಗೆ ಫೋನು ಮಾಡಿದೆ. ನಾನು ಸೈಮಿಯ ತಮ್ಮ, ಎರಡನೆಯ ಅಂತಸ್ತಿನ ಮುದುಕಿ ಮನೆ ಖಾಲಿ ಮಾಡಿದಳಾ ಅಂತ ಕೇಳಿದೆ.

"ಯಾವ ಮುದುಕಿ ರೀ?" ಅಂದ ಅವನು. "ಎರಡ್ನೇ ಅಂತಸ್ತಲ್ಲಿ ಒಂಟಿಯಾಗಿರೋರು ನಿಮ್ಮಕ್ಕ ಒಬ್ರೇ. ಆಸ್ಪತ್ರೆಗೆ ಸೇರಿ ಎರಡು ವಾರ ಆಯ್ತು. ನಿಮಗೆ ಗೊತ್ತಿಲ್ವಾ?"

ನನಗೆ ಗೊತ್ತಿಲ್ಲ ಅಂದೆ. ಅಷ್ಟು ಸಣ್ಣ ಮಾತು ಹೇಳಲು ಅಷ್ಟು ಕಷ್ಟವಾಗುತ್ತದೆ ಅಂತ ಅವತ್ತೇ ತಿಳಿದಿದ್ದು. ಉಳಿದದ್ದನ್ನು ಅವನೇ ಹೇಳಿದ. ಬೇಸಿಗೆಯಿಂದಲೇ ಮಂಗಳವಾರ ಮಂಗಳವಾರ ಆಸ್ಪತ್ರೆಗೆ, ಆ ಬಿಳಿ ಅಂಗಿಯ ಡಾಕ್ಟರ ಹತ್ತಿರ ಔಷಧಿ ಹಾಕಿಸಿಕೊಳ್ಳಲು ಹೋಗುತ್ತಿದ್ದೆಯಂತೆ. ರೈನೊನ ಕಾರನ್ನು ನೀನು ಮಾರಿಯೇ ಇರಲಿಲ್ಲವಂತೆ. ಆರು ವರ್ಷ ಅದರ ಮೇಲಿನ ಹಿಮವನ್ನು ನೀನೇ ಪೊರಕೆ ಹಿಡಿದು ಗುಡಿಸುತ್ತಿದ್ದೆಯಂತೆ. ಕಳೆದ ತಿಂಗಳು ಅದನ್ನು ಎಳೆದುಕೊಂಡು ಹೋದಾಗ ಕಿಟಕಿಯಲ್ಲಿ ನಿಂತು ನೋಡಿ, ಪರದೆ ಎಳೆದೆಯಂತೆ. ಅಯ್ಯೋ ಅಕ್ಕಾ.

ಅಜ್ಜಿ ಇನ್ನೂ ಇದ್ದೀಯಾ ಅಂತ ಬಾಗಿಲು ತಟ್ಟಿ ಕೇಳು ಅಂತ ಬರೆದವನು ನಾನು. ಆ ಕಾಗದವನ್ನು ವಾಪಸು ತರಿಸಿಕೊಳ್ಳುವ ಅಂಚೆ ಯಾವ ದೇಶದಲ್ಲೂ ಇಲ್ಲ. ನಕ್ಕೆ ಅಂತ ಬರೆದಿದ್ದೀಯ, ನಕ್ಕಿದ್ದೀಯ ಅಂತಲೇ ನಂಬುತ್ತೇನೆ. ನಂಬದಿದ್ದರೆ ಈ ಕುರ್ಚಿಯಲ್ಲಿ ಕೂರಲು ನನಗೆ ಆಗುವುದಿಲ್ಲ.

ಈಗ ನನ್ನದು ಕೇಳು. ನನ್ನ ಬಲಗಾಲಿನ ಬೆರಳುಗಳು ಸೆಪ್ಟೆಂಬರಿನಲ್ಲೇ ಕಪ್ಪಾಗಿದ್ದವು. ಸಕ್ಕರೆ ಕಾಯಿಲೆ. ಜನವರಿಯಲ್ಲಿ ರೊವಾನಿಯೆಮಿಯ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಕಾರು ಓಡಿಸಬಲ್ಲೆ, ನಡೆಯುವುದು ಕಷ್ಟ. ಅದಕ್ಕೆ ಶಾಲೆಯ ಹಿಂದೆ ಬೇಡ ಅಂದೆ, ಮೆಟ್ಟಿಲು ಬೇಡ ಅಂದೆ. ಕಾಲಿಲ್ಲದ ತಮ್ಮ ಬಂದು ನಿನ್ನ ಕುತ್ತಿಗೆಗೆ ಬಿದ್ದ ಅಂತ ಆಗಬಾರದು, ಕಾರಿನಿಂದಿಳಿದು ನೆಟ್ಟಗೆ ಒಳಗೆ ಬರಬೇಕು ಅಂತಿತ್ತು. ನಾನು ಒಂದು ಸಾಲು ಬರೆದಿದ್ದರೆ ನೀನು ಅಕ್ಟೋಬರಿನಲ್ಲೇ ರೈನೊನ ಕಾರನ್ನು ಕಳಿಸಿಬಿಡುತ್ತಿದ್ದೆ. ನೀನು ಒಂದು ಸಾಲು ಬರೆದಿದ್ದರೆ ನಾನು ಶಾಲೆಯ ಹಿಂದೇನು, ಊರಾಚೆ ನಿಲ್ಲಿಸಿಯಾದರೂ ಬರುತ್ತಿದ್ದೆ. ಇಡೀ ಚಳಿಗಾಲ ಒಂದೇ ಮೇಜಿನಲ್ಲಿ ಕೂತು ಕಾಫಿ ಕುಡಿಯಬಹುದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿನಗಂತೂ ಬೈಯಲು ನನಗೆ ಬಾಯಿಲ್ಲ, ನಾವಿಬ್ಬರೂ ಒಂದೇ ತಾಯಿಯ ಮಕ್ಕಳು.

ಇವತ್ತು ಮಧ್ಯಾಹ್ನ ನಿಮ್ಮ ಕಟ್ಟಡಕ್ಕೆ ಬಂದೆ. ಆ ಜಾಗ ಖಾಲಿ ಇದೆ. ಹೊಂಕನೆನ್ ಹಿಮ ಗುಡಿಸಿಟ್ಟು, ಇಲ್ಲೇ ನಿಲ್ಲಿಸಿ, ನಿಮ್ಮ ಹೆಸರಿಗೇ ಮಾಡಿಸಿದ್ದಾರೆ ಅಂದ. ನಾನು ನಿಲ್ಲಿಸಲಿಲ್ಲ. ಆಸ್ಪತ್ರೆಯ ದಾರಿ ಕೇಳಿ ಹೊರಟುಬಂದೆ. ನೀನು ಆ ಮನೆಯ ಬಾಡಿಗೆದಾರಳು, ಇನ್ನೂ ಖಾಲಿ ಮಾಡಿಲ್ಲ. ಮಾಡಬೇಡ. ನಾನು ಕಾಯುತ್ತೇನೆ, ನನಗೇನೂ ಅವಸರವಿಲ್ಲ.

ಆರು ತಿಂಗಳು ಬರೆದ ಕಾಗದಗಳಲ್ಲೆಲ್ಲ ಜಾಗ ಎಷ್ಟು ದೂರ ಅಂತ ಕೇಳಿದೆ. ಹೇಗಿದ್ದೀಯ ಅಂತ ಒಂದರಲ್ಲೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ಹೇಗಿದ್ದೀಯ ಅಕ್ಕಾ?

ಇಲ್ಲಿ ನೋಡಲು ಬಂದವರ ಕಾರುಗಳನ್ನು ಕೆಳಗೆ ಕೆರೆಯ ದಂಡೆಯಲ್ಲಿ ನಿಲ್ಲಿಸಬೇಕು. ಅಲ್ಲಿಂದ ದಿಣ್ಣೆ ಹತ್ತಬೇಕು, ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಜಾರುತ್ತದೆ. ಕೋಲು ಊರಿಕೊಂಡು, ಬೇಲಿ ಹಿಡಿದುಕೊಂಡು, ಎರಡು ಕಡೆ ನಿಂತು ಸುಧಾರಿಸಿಕೊಂಡು ನಡೆದು ಬಂದೆ. ಅಷ್ಟೇನೂ ದೂರ ಇರಲಿಲ್ಲ.

ಅರ್ವಿ